ಅಜ್ಜನ ಕಾಲದ ಜೋಡುನಳಿಗೆ ಕೋವಿಗೆ ಉಕ್ಕಿನ ಚರೆ ಹಾಕಬಹುದೇ?

ನಮಸ್ಕಾರ. ಅಜ್ಜನಿಂದ ಬಂದ, ಇಂಗ್ಲೆಂಡಿನಲ್ಲಿ ತಯಾರಾದ 12 ಬೋರಿನ ಜೋಡುನಳಿಗೆ ಕೋವಿಗೆ ಉಕ್ಕಿನ ಚರೆಯ (ತೋಟೆಯೊಳಗೆ ತುಂಬುವ ಸಣ್ಣ ಗುಂಡುಗಳ) ತೋಟೆ ಬಳಸಬಹುದೇ ಎಂದು ನೀವು ಕೇಳಿದ್ದೀರಿ. ಡೆನ್ಮಾರ್ಕಿನಲ್ಲಿರುವ ನಿಮ್ಮ ಭಾವನವರು ಅಲ್ಲಿ ಎಲ್ಲರೂ ಅದನ್ನೇ ಬಳಸುತ್ತಾರೆ ಎಂದಿದ್ದಾರೆ. ನಿಮಗೆ ಉತ್ತರಿಸಿದ ಸದಸ್ಯರೊಬ್ಬರು, ಕಬ್ಬಿಣದ ನಳಿಗೆಗೆ ಕಬ್ಬಿಣದ ಚರೆ ಏನು ಮಾಡೀತು, ಸೈಕಲ್ ಬಾಲ್ಸ್ ತುಂಬಿದರೂ ನಡೆಯುತ್ತದೆ ಎಂದು ಬರೆದಿದ್ದಾರೆ. ಭಾವನವರ ಮಾತು ಅವರಿರುವ ದೇಶಕ್ಕೆ ಸರಿ. ಎರಡನೆಯ ಮಾತನ್ನು ನಂಬಿ ಯಾರಾದರೂ ಕೈ ಕಳೆದುಕೊಳ್ಳಬಾರದೆಂದು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನು ಪೂರ್ತಿಯಾಗಿ ನಿಷೇಧಿಸಿತು. ಬಾತುಗಳಂಥ ನೀರುಹಕ್ಕಿಗಳು ಕಾಳು ಅರೆಯಲು ಮರಳುಹರಳು ನುಂಗುವಾಗ ಕೆಸರಿನಲ್ಲಿ ಬಿದ್ದ ಚರೆಯನ್ನೂ ನುಂಗಿ ಸೀಸದ ವಿಷದಿಂದ ಸಾಯುತ್ತವೆ ಎಂಬುದೇ ಅದಕ್ಕೆ ಮುಖ್ಯ ಕಾರಣ. ಮಂಡಗದ್ದೆ, ಗುಡವಿಗಳ ಹಕ್ಕಿಗಳನ್ನು ನೋಡಿ ಬೆಳೆದ ನಮಗೆ ಈ ಕಾಳಜಿ ಅರ್ಥವಾಗದ್ದೇನಲ್ಲ. ಆದರೆ ಹಕ್ಕಿಗೆ ಒಳ್ಳೆಯದಾದದ್ದು ಹಳೆಯ ನಳಿಗೆಗೂ ಒಳ್ಳೆಯದಾಗಬೇಕೆಂದಿಲ್ಲ.

ತೊಂದರೆ ಇರುವುದು ಚೋಕ್‌ನಲ್ಲಿ, ಅಂದರೆ ನಳಿಗೆ ತುದಿಯಲ್ಲಿ ಕಿರಿದಾಗುವ ಜಾಗದಲ್ಲಿ. ಹಳೆಯ ಕೋವಿಗಳಲ್ಲಿ ಸಾಮಾನ್ಯವಾಗಿ ಒಂದು ನಳಿಗೆಯ ಬಾಯಿ ಬಿಗಿಯಾಗಿರುತ್ತದೆ; ಫುಲ್ ಚೋಕ್ ಎಂದರೆ ಒಳವ್ಯಾಸ ತುದಿಯಲ್ಲಿ ಸುಮಾರು 1 ಮಿಲಿಮೀಟರಿನಷ್ಟು ಕಿರಿದಾಗುತ್ತದೆ. ಸೀಸ ಮೃದುವಾದ್ದರಿಂದ ಚರೆಗಳು ಒಂದಕ್ಕೊಂದು ಒತ್ತಿಕೊಂಡು, ತುಸು ಚಪ್ಪಟೆಯಾಗಿ, ಆ ಕಿರಿದಾದ ಜಾಗದಿಂದ ಹೊರಬೀಳುತ್ತವೆ. ಉಕ್ಕಿನ ಚರೆ ಹೀಗೆ ಬಗ್ಗುವುದಿಲ್ಲ, ಆ ಒತ್ತಡವನ್ನೆಲ್ಲ ನಳಿಗೆಯ ಗೋಡೆಯೇ ಹೊರಬೇಕಾಗುತ್ತದೆ. ಗೋಡೆ ತೆಳುವಾಗಿದ್ದರೆ ತುದಿಯ ಸಮೀಪ ಬಳೆಯಂತೆ ಉಬ್ಬು ಏಳುತ್ತದೆ, ಜೋಡುನಳಿಗೆಯಾದರೆ ನಡುವಿನ ಪಟ್ಟಿಯ ಬೆಸುಗೆಯೂ ಬಿಡಬಹುದು. ಜೊತೆಗೆ ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ ಇದ್ದರೆ ಉಕ್ಕಿನದು 7.8ರ ಆಸುಪಾಸು, ಆದ್ದರಿಂದ ಅಷ್ಟೇ ಪೆಟ್ಟು ಬೇಕೆಂದರೆ ಚರೆ ದಪ್ಪವಾಗಬೇಕು, ವೇಗವೂ ಹೆಚ್ಚಬೇಕು. ಎರಡೂ ಚೋಕ್‌ಗೆ ಹೊರೆಯೇ.

ಇನ್ನು ಸೈಕಲ್ ಬಾಲ್ಸ್ ವಿಚಾರ. ಕಾರ್ಖಾನೆಯ ಉಕ್ಕಿನ ಚರೆ ಎಂಬುದು ಕಾಯಿಸಿ ಹದಗೊಳಿಸಿದ ಮೆದು ಕಬ್ಬಿಣ, ಅದು ನಳಿಗೆಯ ಒಳಮೈಗೆ ತಾಗದಂತೆ ದಪ್ಪ ಪ್ಲಾಸ್ಟಿಕ್ ಬಟ್ಟಲಿನೊಳಗೆ ಕುಳಿತಿರುತ್ತದೆ. ಸೈಕಲ್ ಬಾಲ್ಸ್ ಸವೆಯಬಾರದೆಂದೇ ಗಡುಸುಗೊಳಿಸಿದ ಉಕ್ಕು. ಸೀಸದ ತೋಟೆ ಬಿಚ್ಚಿ ಅದನ್ನು ತುಂಬಿದರೆ ರಕ್ಷಿಸುವ ಬಟ್ಟಲೂ ಇರುವುದಿಲ್ಲ, ಮದ್ದಿನ ಲೆಕ್ಕವೂ ತಪ್ಪುತ್ತದೆ. ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧವೂ ಹೌದು.

ಹಾಗೆಂದು ಹಳೆಯದೆಲ್ಲ ಅಯೋಗ್ಯವೆಂದು ನಾನು ಹೇಳುವುದಿಲ್ಲ. ವಯಸ್ಸಿಗಿಂತ, ಹೆಚ್ಚಿನ ಒತ್ತಡದಲ್ಲಿ ಹಾರಿಸಿ ಪರೀಕ್ಷಿಸಿದ ಮೇಲೆ ನಳಿಗೆಯ ಮೇಲೆ ಒತ್ತುವ ಮುದ್ರೆ ಮುಖ್ಯ. ಕೋವಿ ಖಾಲಿ ಇದೆಯೆಂದು ಎರಡು ಬಾರಿ ನೋಡಿ, ನಳಿಗೆಗಳನ್ನು ಕಳಚಿ, ಹಿಂಬದಿಯ ಅಡಿಯ ಚಪ್ಪಟೆ ಭಾಗದಲ್ಲಿ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷಾಗೃಹದ ಗುರುತುಗಳನ್ನು ಹುಡುಕಿ. 'ನೈಟ್ರೋ ಪ್ರೂಫ್' (ಈಗಿನ ಹೊಗೆರಹಿತ ಮದ್ದಿಗೆ ಪರೀಕ್ಷೆಯಾದದ್ದು) ಎಂದಿಲ್ಲದಿದ್ದರೆ ಅದು ಹಳೆಯ ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ ನಳಿಗೆಯಾಗಿರಬಹುದು. ಹಗ್ಗ ಹೊಸೆದಂತೆ ಅಲೆಅಲೆಯಾದ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಗೆ, ಅಂದರೆ ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದು ಮಾಡಿದ ನಳಿಗೆ. ಅದರಲ್ಲಿ ಉಕ್ಕಿನ ಚರೆಯ ಮಾತೇ ಬೇಡ. ಕೋವಿ, ತೋಟೆಗಳ ಪರೀಕ್ಷೆಗೆ ನಿಯಮ ಮಾಡುವ ಯೂರೋಪಿನ ಸಿಐಪಿ ಸಂಸ್ಥೆಯ ನಿಯಮದಂತೆ ನೈಟ್ರೋ ಪರೀಕ್ಷೆಯಾದ 12 ಬೋರಿನ ಕೋವಿಯಲ್ಲಿ ಸಾಧಾರಣ ಉಕ್ಕಿನ ತೋಟೆಗೆ ಚರೆಯ ಗಾತ್ರ 3.25 ಮಿಲಿಮೀಟರ್ ಮೀರಬಾರದು; ಹೆಚ್ಚು ಒತ್ತಡದ ತೋಟೆಗೆ ಲಿಲ್ಲಿ ಹೂವಿನ ಮುದ್ರೆಯ ಪ್ರತ್ಯೇಕ ಪರೀಕ್ಷೆಯೇ ಆಗಿರಬೇಕು. ಅಜ್ಜನ ಕಾಲದ ಕೋವಿಯಲ್ಲಿ ಆ ಹೂವು ಸಿಗಲಾರದು.

ಚೇಂಬರಿನ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಜಾಗದ, ಉದ್ದವನ್ನೂ ಅಳೆಸಿ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅದು ಹೆಚ್ಚಾಗಿ 65 ಮಿಲಿಮೀಟರ್. ತೋಟೆಯ ಮೇಲೆ ಬರೆದಿರುವ ಉದ್ದ ಹಾರಿಸಿದ ಮೇಲೆ ಬಿಚ್ಚಿಕೊಂಡಾಗಿನದು, ಹಾಗಾಗಿ 70ರ ತೋಟೆ 65ರ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ. ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುವುದು ಕುದುರೆ ಎಳೆದ ಮೇಲೆ. ಈ ತಪ್ಪು ಸೀಸದ ತೋಟೆಯಲ್ಲೂ ಆಗುತ್ತದೆ.

ನಮ್ಮ ಮಲೆನಾಡಿನಲ್ಲಿ ಇದಕ್ಕೆಲ್ಲ ತುಕ್ಕು ಬೇರೆ ಸೇರುತ್ತದೆ. ಒಮ್ಮೆ ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ ನನ್ನ ಕೋವಿ ಮಳೆ ಹಿಡಿದ ಮೇಲೆ ಕೈಗೆ ಬಂತು. ಎಡ ನಳಿಗೆಯೊಳಗೆ ರಾಗಿಕಾಳಿನಂಥ ಗುಳಿಗಳು ಬಿದ್ದಿದ್ದವು. ಉಜ್ಜಿ ನಯಮಾಡಿದಷ್ಟೂ ಗೋಡೆ ತೆಳುವಾಗುತ್ತದೆ, ಪರೀಕ್ಷೆಯ ದಿನ ಇದ್ದ ದಪ್ಪ ಈಗ ಉಳಿದಿರುವುದಿಲ್ಲ. ಆದ್ದರಿಂದ ಮುದ್ರೆ ಸರಿಯಿದ್ದರೂ ಪರವಾನಗಿ ಇರುವ ಕೋವಿ ರಿಪೇರಿಯವರಲ್ಲಿ ಗೋಡೆಯ ದಪ್ಪ ಅಳೆಸದೆ ಮುಂದುವರಿಯಬೇಡಿ.

ನನ್ನ ಅಭಿಪ್ರಾಯದಲ್ಲಿ ನಿಮಗೆ ಉಕ್ಕಿನ ಚರೆಯ ಅಗತ್ಯವೇ ಇಲ್ಲ. ನಿಮ್ಮದು ಬೆಳೆ ರಕ್ಷಣೆಯ ಪರವಾನಗಿ, ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಸೀಸದ ತೋಟೆ. ನಳಿಗೆ ಗಟ್ಟಿಯಿದೆಯೆಂದು ಖಚಿತವಾದರೆ ಚೇಂಬರಿಗೆ ಹೊಂದುವ ಅದನ್ನೇ ಬಳಸಿ. ಮುದ್ರೆಗಳ ಸ್ಪಷ್ಟ ಫೋಟೊ ತೆಗೆದು ಇಲ್ಲಿ ಹಾಕಿದರೆ ಓದಿ ಹೇಳಬಲ್ಲೆ. ಕೋವಿಯ ಕ್ರಮಸಂಖ್ಯೆಯನ್ನು ಮಾತ್ರ ಕಾಣದಂತೆ ಮುಚ್ಚಿ.