ಜಪಾನಿ ಶಾರ್ಟ್‌ಫಾರ್ಮ್‌ಗಳನ್ನು ಕಲಿತರೆ ಕ್ಲೈಂಟ್ ಜೊತೆ ಮಾತು ಸಲೀಸಾಗುತ್ತಾ?

ಕಾಸ್‌ಪ್ಲೇ (ಕಥೆಯ ಪಾತ್ರಗಳ ವೇಷ ಹಾಕುವುದು), ಅನಿಮೆ (ಕಾರ್ಟೂನ್ ಚಿತ್ರ) ಥರ ಇಂಗ್ಲಿಷ್‌ಗೂ ಬಂದಿರುವ ಜಪಾನಿ ತುಂಡುಪದಗಳ ಪಟ್ಟಿ ಬೇಕು, ಆಫೀಸಿನ ಜಪಾನಿ ಕ್ಲೈಂಟ್ ಜೊತೆ ಬಳಸಬೇಕು ಅಂದಿದ್ದೀರಿ. ಅಯ್ಯೋ, ಅಂಥ ಪಟ್ಟಿ ನನ್ನ ಹತ್ತಿರವೂ ಇತ್ತು.

ಬೆಂಗಳೂರಿನಲ್ಲಿ ಕೂತು ಟೋಕಿಯೋದವರ ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದೆ. ಆ ಕಡೆಯ ಬುಚೋ, ಅಂದರೆ ವಿಭಾಗದ ಮುಖ್ಯಸ್ಥರು, ರಿಲೀಸ್ ದಿನ ಬದಲಾಗಿದೆ ಅಂತ ಚಾಟ್‌ನಲ್ಲಿ ಬಹಳ ಮರ್ಯಾದೆಯಿಂದ ಬರೆದರು. ನಾನು ಕೊಟ್ಟ ಉತ್ತರ ಇಷ್ಟೇ: ‘ರ್ಯೊ’.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ರ್ಯೋಕಾಯ್’ ಅಂದರೆ ಸರಿ, ಗೊತ್ತಾಯ್ತು. ಅದರ ಬಾಲ ಕತ್ತರಿಸಿದರೆ ‘ರ್ಯೊ’. ಹೈಸ್ಕೂಲ್ ಹುಡುಗಿಯರು ಗೆಳತಿಯರಿಗೆ ಮೆಸೇಜ್ ಮಾಡುವ ಭಾಷೆ ಅದು. ಅದೂ ಉದ್ದವಾಯ್ತು ಅಂತ ಬರೀ ‘ರಿ’ ಅಂತಲೂ ಬರೆಯುತ್ತಾರೆ. (ನಮ್ಮ ಮರ್ಯಾದೆಯ ‘ರೀ’ಗೂ ಇದಕ್ಕೂ ಏನೇನೂ ಸಂಬಂಧವಿಲ್ಲ!) ಪೂರ್ತಿ ‘ರ್ಯೋಕಾಯ್’ ಬರೆದಿದ್ದರೂ ದೊಡ್ಡವರಿಗೆ ಹಾಗೆ ಬರೆಯಬಾರದು ಅನ್ನುವವರು ಅಲ್ಲಿ ಜಾಸ್ತಿ. ನಾನು ಬರೆಯಬೇಕಿದ್ದದ್ದು ಅದನ್ನೇ ಮರ್ಯಾದೆಯಿಂದ ಹೇಳುವ ‘ಶೋಚಿ ಶಿಮಾಶ್ತಾ’. ಕಂಪನಿ ಎಂಡಿಗೆ ‘ಹ್ಞೂಂ ಕಣೋ’ ಅಂದ ಹಾಗಾಯ್ತು ನನ್ನ ಕಥೆ.

ಯಾರೂ ಬೈಯಲಿಲ್ಲ. ಬುಚೋ ಅಲ್ಲಿಂದಾಚೆ ನನ್ನ ಮ್ಯಾನೇಜರ್‌ಗೇ ಬರೆಯತೊಡಗಿದರು. ಆನ್‌ಸೈಟ್‌ಗೆ, ಅಂದರೆ ಟೋಕಿಯೋಗೆ, ಬೇರೆಯವರು ಹೋದರು.

ನನ್ನ ದಾರಿ ತಪ್ಪಿಸಿದ್ದು ಇದೇ ಇಂಗ್ಲಿಷ್ ಪಟ್ಟಿ. ಕರಾವೋಕೆಯಲ್ಲಿ ‘ಕರಾ’ ಅಂದರೆ ಖಾಲಿ, ‘ಓಕೆ’ ಅನ್ನುವುದು ಆರ್ಕೆಸ್ಟ್ರಾದ ಮೊದಲ ತುಂಡು. ಪಾಕೆಟ್ ಮಾನ್‌ಸ್ಟರ್ ಪೋಕೆಮಾನ್ ಆಯಿತು. ಕಾಸ್ಟ್ಯೂಮ್ ಪ್ಲೇ ಅನ್ನುವುದು ‘ಕೊಸುಪುರೆ’ (ಅದೇ ನಮ್ಮ ಕಾಸ್‌ಪ್ಲೇ) ಆಗಿ 1983ರ ಹೊತ್ತಿಗೆ ಜಪಾನಿನ ಪತ್ರಿಕೆಯಲ್ಲಿ ಬಂದಿತ್ತು. ಇವನ್ನೆಲ್ಲ ನೋಡಿ, ಕತ್ತರಿಸಿದ್ದೆಲ್ಲ ನಡೆಯುತ್ತೆ ಅಂದುಕೊಂಡೆ. ಆದರೆ ಕರಾವೋಕೆ ಈಗ ಬುಚೋ ಬಾಯಲ್ಲೂ ಬರುವ ಮಾಮೂಲಿ ಪದ, ಪೋಲಿ ಮಾತಲ್ಲ. ‘ರ್ಯೊ’ ಹಾಗಲ್ಲ.

ಇನ್ನೊಂದು ವಿಷಯ. ಇಂಗ್ಲಿಷ್‌ಗೆ ಹೋದ ಪದ ಅಲ್ಲೇ ಬೇರೆ ಸಂಸಾರ ಹೂಡಿರುತ್ತೆ. ಇಂಗ್ಲಿಷ್‌ನಲ್ಲಿ ಅನಿಮೆ ಅಂದರೆ ಜಪಾನಿನ ಕಾರ್ಟೂನ್ ಮಾತ್ರ. ಜಪಾನಿನವರಿಗೆ ಟಾಮ್ ಅಂಡ್ ಜೆರ್ರಿ ಕೂಡ ಅನಿಮೆಯೇ. ‘ಕತ್ಸು’ ಅಂತೂ ಇಂಗ್ಲಿಷ್‌ನ ಕಟ್ಲೆಟ್ಟೇ. ಜಪಾನಿಗೆ ಹೋಗಿ ‘ಕತ್ಸುರೆತ್ಸು’ ಆಗಿ, ಬಾಲ ಕಳಕೊಂಡು ವಾಪಸ್ ಬಂದು, 2024ರಲ್ಲಿ ಆಕ್ಸ್‌ಫರ್ಡ್ ಡಿಕ್ಷನರಿ ಸೇರಿತು.

ಹಾಗಾಗಿ ಪಟ್ಟಿ ಕೇಳಬೇಡಿ, ನಾನು ಕೊಡಲ್ಲ. ಕ್ಲೈಂಟ್ ಕಡೆಯವರು ತಮ್ಮ ಬಾಸ್‌ಗೆ ಹೇಗೆ ಬರೆಯುತ್ತಾರೆ ಅಂತ ಸಿಸಿಯಲ್ಲಿ ಬರುವ ಮೇಲ್ ನೋಡಿ, ಅದನ್ನೇ ಕಲಿಯಿರಿ. ಜನವರಿಯಲ್ಲಿ ಹೊಸ ವರ್ಷದ ಶುಭಾಶಯಕ್ಕೆ ‘ಅಕೆಓಮೆ’ ಅಂತ ಹಾರೈಸಬೇಕು ಅನ್ನಿಸುತ್ತೆ, ಮುದ್ದಾಗಿದೆ ಅಲ್ವಾ? ಅದು ಫ್ರೆಂಡ್ಸ್‌ಗೆ. ಕ್ಲೈಂಟ್‌ಗೆ ಬೆರಳು ನೋಯಲಿ ಬಿಡಿ, ‘ಅಕೆಮಾಶ್ತೆ ಒಮೆದೆತೋ ಗೊಝಾಯ್ಮಾಸು’ ಅಂತ ಪೂರ್ತಿ ಟೈಪ್ ಮಾಡಿ.