ಪ್ರಾಣೇಶಾಚಾರ್ಯರು ಡಾಂಭಿಕರಲ್ಲ

ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ (1965) ಕಟ್ಟುನಿಟ್ಟಿನ ಮಡಿ-ಆಚಾರವು ಮನುಷ್ಯರನ್ನು ಡಾಂಭಿಕರನ್ನಾಗಿಸುವ ಬಗೆಯನ್ನು ಸೆಮಿನಾರಿಗೆ ಬರೆಯಬೇಕು, ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀರಿ. ಚಿಕ್ಕಮಗಳೂರಿನಲ್ಲಿ ಎಂ.ಎ. ಓದುವಾಗ ನಾನು ಬರೆದದ್ದೂ ಅದನ್ನೇ. ಕೊಪ್ಪದ ಕಡೆಯ ಮಡಿವಂತರ ಮನೆಯಲ್ಲಿ ಬೆಳೆದವನಿಗೆ ಅಗ್ರಹಾರವನ್ನು ಯಾರೂ ವಿವರಿಸಬೇಕಿಲ್ಲ ಎಂಬ ಧೈರ್ಯದಲ್ಲಿ, ಕಾದಂಬರಿಯ ಅಗ್ರಹಾರವಾದ ದುರ್ವಾಸಪುರದವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ, ಅವರೆಲ್ಲ ಗುರುವೆಂದು ನಂಬಿದ ಪಂಡಿತ ಪ್ರಾಣೇಶಾಚಾರ್ಯರನ್ನು ಆ ಸಾಲಿನ ಮುಂದೆ ನಿಲ್ಲಿಸಿದ್ದೆ.

ಮೂರು ಭಾಗಗಳ ಕಾದಂಬರಿಯಲ್ಲಿ ಮೊದಲನೆಯದನ್ನಷ್ಟೇ ಮನಸ್ಸಿಟ್ಟು ಓದಿದ್ದೇ ನನ್ನ ತಪ್ಪು. ಆಚಾರ ಮುರಿದು ಬದುಕಿದ ನಾರಣಪ್ಪನ ಹೆಣ ಸಂಸ್ಕಾರ ಮಾಡುವವರಿಲ್ಲದೆ ಕೊಳೆಯುತ್ತಿರುವಾಗ, ಅವನ ಜೊತೆ ಬಾಳಿದ ಚಂದ್ರಿ ಸಂಸ್ಕಾರದ ಖರ್ಚಿಗೆಂದು ಬಿಚ್ಚಿಟ್ಟ ಒಡವೆಯ ಮೇಲೆ ಕಣ್ಣಿಟ್ಟ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರು ನನ್ನ ವಾದಕ್ಕೆ ಎಷ್ಟು ಸಲೀಸಾಗಿ ಒದಗಿಬಂದರೆಂದರೆ, ಆಚಾರ್ಯರನ್ನೂ ಅವರ ಅಳತೆಯಲ್ಲೇ ಅಳೆದುಬಿಟ್ಟೆ. ಡಾಂಭಿಕನು ನಂಬದೆ ಆಚರಿಸುತ್ತಾನೆ. ಆಚಾರ್ಯರಾದರೋ ರೋಗಿಷ್ಠೆಯಾದ ಭಾಗೀರಥಿಯನ್ನು ತಿಳಿದೂ ತಿಳಿದೂ ಮದುವೆಯಾಗಿ, ಅವಳ ಸೇವೆಯೇ ಮೋಕ್ಷದ ದಾರಿಯೆಂದು ನಂಬಿದವರು. ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: ಹೆಂಡತಿ ಸತ್ತು ಸೂತಕದಲ್ಲಿರುವ ಆಚಾರ್ಯರು ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ, ಯಾರೋ ಗುರುತು ಹಿಡಿದೊಡನೆ ಎಲೆ ಬಿಟ್ಟು ಏಕೆ ಏಳುತ್ತಾರೆ? ಡಾಂಭಿಕನಾದರೆ ಏನೋ ಒಂದು ನೆಪ ಹೇಳಿ ಉಂಡೇ ಏಳುತ್ತಿರಲಿಲ್ಲವೇ? ಆ ಪುಟವನ್ನು ಓದಿದ ನೆನಪೂ ನನಗಿರಲಿಲ್ಲ. ಆ ಪರೀಕ್ಷಕರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುವ ನನ್ನ ಆಸೆ ಅಂದಿಗೇ ಮುಗಿಯಿತು.

ಇನ್ನೊಂದನ್ನು ನಾನು ಬೇಕೆಂದೇ ಬಿಟ್ಟಿದ್ದೆ. ನಮ್ಮ ಕೇರಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಮನೆಯಲ್ಲಿ ಒಲೆ ಹೊತ್ತಿಸುತ್ತಿರಲಿಲ್ಲ. ಅಂಥ ಒಂದು ದಿನ ಅಜ್ಜಯ್ಯ, ತಾವು ತೊಟ್ಟು ನೀರೂ ಮುಟ್ಟದೆ, ಅಟ್ಟದ ಗೊನೆಯಿಂದ ಎರಡು ಬಾಳೆಹಣ್ಣು ಮುರಿದು ನನ್ನ ಕೈಗಿಟ್ಟು, ‘ಮಕ್ಕಳಿಗೆ ದೋಷವಿಲ್ಲ, ತಿನ್ನು ಮಗು’ ಎಂದಿದ್ದರು. ಅದು ನನ್ನ ವಾದಕ್ಕೆ ಅಡ್ಡ ಬರುತ್ತಿತ್ತು.

ಆದ್ದರಿಂದ ನಿಮ್ಮ ವಿಷಯವನ್ನೇ ಬದಲಿಸಿಕೊಳ್ಳಿ. ಆಚಾರ ಬಿಟ್ಟ ನಾರಣಪ್ಪನೂ ಅದರ ಹಿಡಿತದಿಂದ ಹೊರಗಿಲ್ಲ: ಯಾರೂ ಮುಟ್ಟಬಾರದೆಂದಿದ್ದ ದೇವರ ಹೊಂಡದ ಮೀನನ್ನೇ ಅವನು ಹಿಡಿಯಬೇಕು, ಬಹಿಷ್ಕಾರ ಹಾಕಿದರೆ ಮುಸಲ್ಮಾನನಾಗುವೆನೆಂದೇ ಬೆದರಿಸಬೇಕು. ನೀವು ಮಾರುತಿಯ ಗುಡಿಯಿಂದ ಶುರುಮಾಡಿ. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡಬಹುದೋ ಬಾರದೋ ಎಂದು, ದೇವರ ಬಲಗಡೆಯ ಹೂವೋ ಎಡಗಡೆಯದೋ ಬಿದ್ದು ಅಪ್ಪಣೆಯಾಗಲಿ ಎಂದು ಆಚಾರ್ಯರು ಕಾದು ಕುಳಿತೇ ಇರುತ್ತಾರೆ. ಯಾವ ಹೂವೂ ಬೀಳುವುದಿಲ್ಲ. ಬರಿಗೈಯಲ್ಲಿ ಕತ್ತಲ ಕಾಡಿನ ದಾರಿ ಹಿಡಿದ ಮೇಲೆಯೇ ಅವರಿಗೆ ಚಂದ್ರಿ ಎದುರಾಗುತ್ತಾಳೆ.