ಆ ಗಿಡ್ಡ ಬಾಲದಿಂದಲೇ ಶುರು ಮಾಡಿ

ನಮಸ್ಕಾರ.

ನಿಮ್ಮ ‘ವೈರ್ ಬಾಂಡಿಂಗ್ ಯಂತ್ರ: ಒಂದು ಪರಿಚಯ’ ಲೇಖನವನ್ನು ಎರಡು ಸಲ ಓದಿದೆ. ಎಲೆಕ್ಟ್ರಾನಿಕ್ ಚಿಪ್ಪಿನಿಂದ ಅದರ ಹೊರಗಿನ ಲೋಹದ ಕಾಲುಗಳಿಗೆ ಸಣ್ಣ ತಂತಿ ಬೆಸೆಯುವ ಯಂತ್ರದ ಕಥೆ ಅದು. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಪೀಣ್ಯದಲ್ಲಿ ದಿನಾ ಎಂಟು ಗಂಟೆ ಆ ಯಂತ್ರದ ಮುಂದೆ ಕೂರುವವರು ಅದರ ಬಗ್ಗೆ ಕನ್ನಡದಲ್ಲಿ ಬರೆದಿದ್ದನ್ನು ನಾನು ಓದಿದ್ದು ಇದೇ ಮೊದಲು.

ಮೊದಲ ಎರಡು ಪುಟ ಪಠ್ಯಪುಸ್ತಕದ ಹಾಗಿವೆ. ಪೂರ್ತಿ ತೆಗೆದುಬಿಡಿ. ಲೇಖನಕ್ಕೆ ಜೀವ ಬರುವುದು ಮೂರನೇ ಪುಟದಲ್ಲಿ. ರಾತ್ರಿ ಪಾಳಿ, ಎರಡೂವರೆ ಗಂಟೆ. ಯಂತ್ರ ‘ಶಾರ್ಟ್ ಟೇಲ್’, ಅಂದರೆ ತಂತಿಯ ಬಾಲ ಗಿಡ್ಡವಾಗಿದೆ ಅಂತ ಮೂರನೇ ಸಲ ನಿಂತಿದೆ. ನೀವು ಉಸಿರು ಬಿಗಿಹಿಡಿದು, ಚಿಮಟದಲ್ಲಿ ತಂತಿ ಹಿಡಿದು, ಕ್ಯಾಪಿಲರಿಯ, ಅಂದರೆ ಸೂಜಿಯಂಥ ಟೊಳ್ಳು ಮೂತಿಯ ತೂತಿಗೆ ಮತ್ತೆ ಪೋಣಿಸುತ್ತೀರಿ. ಯಾಕೆಂದರೆ ಉಸಿರು ತಾಗಿದರೂ ಆ ತಂತಿ ಅಲ್ಲಾಡುತ್ತದೆ. ಲೇಖನ ಇಲ್ಲಿಂದಲೇ ಶುರುವಾಗಬೇಕು.

ಬಾಲ ಗಿಡ್ಡವಾದರೆ ಏನಂತೆ ಎಂದು ಓದುಗರು ಕೇಳುತ್ತಾರೆ. ಅಲ್ಲೇ ವಿವರಿಸಿ. ಚಿನ್ನದ ತಂತಿ 25 ಮೈಕ್ರಾನ್ ದಪ್ಪ, ತಲೆಗೂದಲಿನ ಸುಮಾರು ಮೂರರಲ್ಲೊಂದು ಪಾಲು. ಕ್ಯಾಪಿಲರಿಯಿಂದ ಹೊರಗೆ ಇಣುಕುವ ಅದರ ತುದಿಯೇ ಬಾಲ. ಅದಕ್ಕೆ ಕಿಡಿ ಹಾರಿಸಿದರೆ ತುದಿ ಕರಗಿ ಪುಟ್ಟ ಗುಂಡಾಗುತ್ತದೆ. ಆ ಗುಂಡನ್ನು ಚಿಪ್‌ನ ಅಲ್ಯೂಮಿನಿಯಂ ಪ್ಯಾಡ್ (ತಂತಿ ಕೂರುವ ಪುಟ್ಟ ಜಾಗ) ಮೇಲೆ ಒತ್ತುತ್ತಾರೆ. ಆಮೇಲೆ ತಂತಿ ಕಮಾನಿನಂತೆ ಬಾಗಿ, ಚಿಪ್ಪಿಗೆ ಕಾಲುಗಳನ್ನು ಕೊಡುವ ಲೋಹದ ಚೌಕಟ್ಟಾದ ಲೀಡ್‌ಫ್ರೇಮಿನ ಕಾಲಿಗೆ ಇಳಿಯುತ್ತದೆ. ಅಲ್ಲಿ ಎರಡನೇ ಒತ್ತು. ಕ್ಲ್ಯಾಂಪ್ ಬಿಗಿದು ತಂತಿಯನ್ನು ಕಿತ್ತಾಗ ಮುಂದಿನ ಗುಂಡಿಗೆ ಬೇಕಾದ ಬಾಲ ಉಳಿಯಬೇಕು. ಅದು ಗಿಡ್ಡವಾದರೆ ಕಿಡಿ ತಾಗದು, ಗುಂಡು ಆಗದು, ಯಂತ್ರ ನಿಲ್ಲುತ್ತದೆ. ಇಷ್ಟೆಲ್ಲ ಸೆಕೆಂಡಿಗೆ ಹತ್ತಕ್ಕೂ ಜಾಸ್ತಿ ತಂತಿಗಳ ವೇಗದಲ್ಲಿ ನಡೆಯಬಲ್ಲದು!

ಒಂದು ತಪ್ಪು ಮಾತ್ರ ಗಂಭೀರವಾದದ್ದು. ‘ಚಿನ್ನ ಕರಗಿ ಪ್ಯಾಡಿಗೆ ಅಂಟಿಕೊಳ್ಳುತ್ತದೆ’ ಅಂತ ಬರೆದಿದ್ದೀರಿ. ಕಿಡಿಯಲ್ಲಿ ಕರಗುವುದು ನಿಜ. ಪ್ಯಾಡಿನ ಮೇಲೆ ಅಲ್ಲ. ಚಿನ್ನ ಕರಗಲು 1064 ಡಿಗ್ರಿ ಬೇಕು. ಚಿಪ್ಪನ್ನು ಕೆಳಗಿನಿಂದ ಬಿಸಿ ಮಾಡುವ ನಿಮ್ಮ ಹೀಟರ್ ಬ್ಲಾಕ್ ಸಾಮಾನ್ಯವಾಗಿ 150ರಿಂದ 200ರ ಆಸುಪಾಸಿನಲ್ಲಿ ಇರುತ್ತದೆ, ಅಲ್ವಾ? ಅಲ್ಲಿ ಕೆಲಸ ಮಾಡುವುದು ಒತ್ತಡ, ಬಿಸಿ ಮತ್ತು ಕಿವಿಗೆ ಕೇಳದ ಅಲ್ಟ್ರಾಸಾನಿಕ್ ಕಂಪನ. ಅಲ್ಯೂಮಿನಿಯಂ ಮೇಲಿನ ತೆಳು ಆಕ್ಸೈಡ್ ಪದರವನ್ನು ಅವು ಒಡೆದು ಸರಿಸುತ್ತವೆ. ಆಗ ಲೋಹಕ್ಕೆ ಲೋಹ ನೇರವಾಗಿ ತಾಗಿ, ಘನವಾಗಿದ್ದುಕೊಂಡೇ ಬೆಸೆದುಕೊಳ್ಳುತ್ತದೆ. ನನಗೆ ಇಡೀ ವಿಷಯದಲ್ಲಿ ತುಂಬ ಸೋಜಿಗ ಅನಿಸಿದ್ದೇ ಇದು. ಇದಕ್ಕೆ ಒಂದು ಪ್ಯಾರಾ ಪೂರ್ತಿ ಕೊಡಿ.

ಹೊಲಿಗೆ ಯಂತ್ರದ ಹೋಲಿಕೆ ಇರಲಿ. ಆದರೆ ದಾರ ಬಟ್ಟೆಯನ್ನು ತೂರಿ ಹೋಗುತ್ತದೆ, ತಂತಿ ಮೇಲಷ್ಟೇ ಕೂರುತ್ತದೆ ಅನ್ನುವುದನ್ನೂ ಹೇಳಿ. ಯಂತ್ರಕ್ಕೆ ‘ತಂತಿ ಬಂಧಕ’ ಅನ್ನುವ ಹೆಸರು ಬೇಡ. ನಿಮ್ಮ ಲೈನಿನಲ್ಲಿ ಎಲ್ಲರೂ ಬಾಂಡರ್ ಅನ್ನುತ್ತಾರೆ, ಹಾಗೇ ಬರೆಯಿರಿ.

ಓದುಗರಿಗೆ ಇದನ್ನು ಕಣ್ಣಾರೆ ತೋರಿಸುವ ದಾರಿಯೂ ಇದೆ. ನಿಮ್ಮ ಲೇಖನ ಓದಿದ ಮೇಲೆ ನಾನು ಬೆಂಗಳೂರಿನ ಎಲೆಕ್ಟ್ರಾನಿಕ್ ಅಂಗಡಿಗಳ ಎಸ್.ಪಿ. ರಸ್ತೆಯಿಂದ ಪಾರದರ್ಶಕ ತಲೆಯ ಪುಟ್ಟ ಎಲ್‌ಇಡಿ ತಂದು ಭೂತಗನ್ನಡಿಯಲ್ಲಿ ನೋಡಿದೆ. ಒಳಗೆ ಒಂದು ಕಾಲಿನಿಂದ ಇನ್ನೊಂದರ ಕಡೆಗೆ ಎಳೆದ ತಂತಿ ಕಾಣಿಸಿತು. ಬೆಳಕಿಗೆ ಓರೆಯಾಗಿ ಹಿಡಿದಾಗ ಮಿನುಗಿತು. ಇದನ್ನು ಲೇಖನದಲ್ಲಿ ಬಳಸಿಕೊಳ್ಳಿ.

ತಿದ್ದಿ ಕಳಿಸಿ, ಕೈಬರಹವಾದರೂ ಸರಿ. ಅಂದ ಹಾಗೆ, ಮೂರನೇ ಸಲ ಪೋಣಿಸಿದ ಮೇಲೆ ಯಂತ್ರ ಓಡಿತೋ ಇಲ್ಲವೋ ನೀವು ಬರೆದೇ ಇಲ್ಲ. ಅದನ್ನೂ ಬರೆಯಿರಿ.

ಸಂಪಾದಕ